ಚಿಗವ್ವನ ಎರಡು ಪರ್ಸೆಂಟ್

ಜುಲೈ 12, ಬೆಳಿಗ್ಗೆ 10.40. ನಾಶಿಕ್

ಎರಡನೇ ಚಹಾ ಆಯಿತು. ಕಣಕ ನಾದಿಟ್ಟದ್ದಾಯಿತು. ಅವನ ನೀಲಿ ಶರ್ಟಿಗೆ ಇಸ್ತ್ರಿ ಆಯಿತು — ಕಾಲರ್ ಸುಡಲಿಲ್ಲ. ಪ್ರೋಗ್ರೆಸ್.

ಮದುವೆಯಾಗಿ ಇವತ್ತಿಗೆ ಐವತ್ತೊಂಬತ್ತು ದಿನ. ಇನ್ನೂ ಎಣಿಸುತ್ತಿದ್ದೇನೆ. ನೂರಕ್ಕೆ ನಿಲ್ಲಿಸಬೇಕು. ಅಥವಾ ಇನ್ನೂರಕ್ಕೆ.

ಎಲ್ಲರ ಮುಂದೆ ‘ಅವರು’, ‘ಇವರು’, ‘ರೀ’. ಇಲ್ಲಿ ಮಾತ್ರ ಅವನು. ಅಂಬರೀಶ. ನನ್ನ ಅಂಬರೀಶ. ಅವನ ಮನೆಯವರು ಬಸವಕಲ್ಯಾಣದವರಾದರೂ ಅವನು ಹುಟ್ಟಿದ್ದು ಇಲ್ಲೇ, ಓದಿದ್ದು ಎಲ್ಲ ನಾಶಿಕ್‌ನ ಮರಾಠಿ ಶಾಲೆಯಲ್ಲಿ. ಕನ್ನಡ ಆಡುತ್ತಾನೆ, ಓದಲು ಬರುವುದಿಲ್ಲ. ಹಾಗಾಗಿ ಈ ಡೈರಿಗೆ ಬೀಗ ಬೇಡ. ಟೀವಿ ಮೇಲೆ ಇಟ್ಟರೂ ಸೇಫ್.

ನಾನೂ ಇಂಗ್ಲಿಷ್ ಮೀಡಿಯಮ್ಮೇ. ಆದರೆ ಭಾನುವಾರ ಬಂದರೆ ಚಿಗವ್ವ ಪಾಟಿ ಕೊಟ್ಟು ಕನ್ನಡ ಬರೆಯಲು ಕೂರಿಸುತ್ತಿದ್ದಳು. ಖಾನಾವಳಿಯ ಜೋಳದ ಹಿಟ್ಟು ಮೆತ್ತಿದ ಕೈಯಲ್ಲೇ ನನ್ನ ಕೈ ಹಿಡಿದು ತಿದ್ದಿಸುತ್ತಿದ್ದಳು. ಆಗ ಅಳುತ್ತಿದ್ದೆ. ಈಗ ಥ್ಯಾಂಕ್ಯೂ ಚಿಗವ್ವ.

ನಿನ್ನೆ ಅವನು ಗಿರಾಕಿಗೆ ಫ್ಲ್ಯಾಟ್ ತೋರಿಸುವುದನ್ನು ನೋಡಲು ಹೋಗಿದ್ದೆ. ಬಾಗಿಲು ತೆರೆದವನೇ ಹಾಲ್ ಬಿಟ್ಟು ಸೀದಾ ಅಡುಗೆಮನೆಗೆ ಹೋಗಿ ಕಿಟಕಿ ತೆರೆದ. ಆಮೇಲೆ ಮಾತಾಡಿದ. "ಮನೀ ಕೊಳ್ಳೋದು ಗಂಡಸರು ಅಂತ ಅನಸ್ತದ. ಹೂಂ ಅನ್ನೋದು ಅಡಗಿಮನ್ಯಾಗ ನಿಂತೋರು" ಅಂದ. ಎಷ್ಟು ಬುದ್ಧಿವಂತ ನನ್ನ ಗಂಡ.

ಜುಲೈ 16, ಮಧ್ಯಾಹ್ನ

ಇಗತಪುರಿಗೆ ಹೋಗಿದ್ದೆವು. ಬೈಕ್, ಒಂದೇ ರೇನ್‌ಕೋಟ್. ಮಂಜಿನಲ್ಲಿ ಎದುರಿನ ಲಾರಿಯೂ ಕಾಣುತ್ತಿರಲಿಲ್ಲ. ಜೋಳದ ತೆನೆ ಸುಡುವವಳು ನಮಗೆ ಒಂದು ತೆನೆ ಹೆಚ್ಚಿಗೆ ಕೊಟ್ಟಳು, ಹೊಸ ಜೋಡಿ ಅಂತ. ನನ್ನ ಹಸಿರು ಬಳೆ ನೋಡಿ ಗೊತ್ತು ಮಾಡಿಕೊಂಡಳು. ಆ ತೆನೆಯನ್ನು ನಾನೇ ತಿಂದೆ.

ಅಲ್ಲಿದ್ದಾಗಲೇ ಚಿಗವ್ವನ ಫೋನ್.

ಸಂಭಾಜಿನಗರದಲ್ಲಿ ಅವಳ ಖಾನಾವಳಿ ಇರುವ ಎರಡು ಗಾಳೆ — ಎರಡು ಶಟರಿನ ಅಂಗಡಿ — ಮಾರಾಟಕ್ಕಿವೆಯಂತೆ. ಮಾಲೀಕ ನಲವತ್ತೊಂದು ಲಕ್ಷ ಅಂದನಂತೆ. ಚಿಗವ್ವನಿಗೇ ಮೊದಲ ಅವಕಾಶ, ಗಣಪತಿ ವಿಸರ್ಜನೆಯ ತನಕ. ಆಮೇಲೆ ಪಿತೃಪಕ್ಷ, ಆಗ ಯಾರೂ ಆಸ್ತಿಯ ಮಾತೇ ಆಡುವುದಿಲ್ಲ. ಹಾಗಾಗಿ ವಿಸರ್ಜನೆಯೇ ಕೊನೆ. ಅದು ತಪ್ಪಿದರೆ ಮೊಬೈಲ್ ಅಂಗಡಿಯವನೊಬ್ಬ ಸಾಲಿನಲ್ಲಿ ನಿಂತಿದ್ದಾನೆ.

ಹತ್ತೊಂಬತ್ತು ವರ್ಷದ ಖಾನಾವಳಿ. ವಾಳೂಜ್‌ನ ಕಂಪನಿಗಳಿಗೆ, ಕಟ್ಟಡದ ಕೆಲಸಕ್ಕೆ ಬಂದ ನಮ್ಮ ಕಡೆಯ ಹುಡುಗರೆಲ್ಲ ರೊಟ್ಟಿಗೆ ಅಲ್ಲಿಗೇ ಬರುವುದು. ಅವ್ವ ತೀರಿಕೊಂಡಾಗ ನನಗೆ ಐದು ವರ್ಷ, ಅಪ್ಪ ಅದಕ್ಕೂ ಮೊದಲೇ. ಅವ್ವನ ತಂಗಿ ಕಸ್ತೂರಿಬಾಯಿ, ನನ್ನ ಚಿಗವ್ವ, ನನ್ನನ್ನು ಎತ್ತಿಕೊಂಡು ಬಂದು ಕೂರಿಸಿದ್ದು ಅದೇ ಖಾನಾವಳಿಯ ಹಿಟ್ಟಿನ ಡಬ್ಬಿಯ ಪಕ್ಕ.

ಪೈಠಣ ರಸ್ತೆಯಲ್ಲಿ ಅವಳ ಹೆಸರಿಗೆ ಒಂದು ಪ್ಲಾಟ್ ಇದೆ. ತೀರಿಹೋದ ಕಾಕಾ, ಅವಳ ಗಂಡ, ತೆಗೆದುಕೊಂಡಿದ್ದು. ಅದನ್ನು ಮಾರಿ ಇದನ್ನು ಕೊಳ್ಳಬೇಕು. ಅದಕ್ಕೇ ಫೋನ್.

"ನಿನ್ನ ಗಂಡಗ ಕೇಳವ್ವ. ಅವರ ಧಂದೆ ಅದೇ ಅಲ್ಲ?"

ಜುಲೈ 17

ಕೇಳಿದೆ. ಅವನು ಹಲ್ಲುಜ್ಜುತ್ತಾ ಇದ್ದ. ಬಾಯಿ ತೊಳೆದು ಬಂದು ಹೇಳಿದ — "ನಾನೇ ಮಾರಿಸಿ ಕೊಡ್ತೀನಿ. ಪೈಠಣ ರೋಡ್ ಅಂದ್ರ ನಾಶಿಕ್‌ನಾಗೇ ಗಿರಾಕಿ ಅದಾರ. ಮತ್ತ ಮಾವಶಿ ಕಡೆಯಿಂದ ಕಮಿಷನ್ ಒಂದ್ ಪೈಸಾನೂ ಬ್ಯಾಡ."

ಚಿಗವ್ವ ಅವನಿಗೆ ಮಾವಶಿ. ಸಾಮಾನ್ಯವಾಗಿ ಮಾರುವವರಿಂದ ಎರಡು ಪರ್ಸೆಂಟ್, ಕೊಳ್ಳುವವರಿಂದ ಎರಡು. ಚಿಗವ್ವನ ಎರಡು ಅಂದರೆ ಎಂಬತ್ತು ಸಾವಿರದ ಮೇಲೆ. ಅದನ್ನು ಹಲ್ಲುಜ್ಜಿದಷ್ಟು ಸುಲಭವಾಗಿ ಬಿಟ್ಟುಬಿಟ್ಟ. ನಾನು ಅತ್ತುಬಿಟ್ಟೆ. ಲಿಟರಲಿ. ಟವೆಲ್ ಅವನ ಕೈಯಲ್ಲಿತ್ತು, ಅದರಲ್ಲೇ ಕಣ್ಣು ಒರೆಸಿಕೊಂಡೆ.

ನಮ್ಮ ಆಳಂದದ ಫ್ಯಾಮಿಲಿ ಗ್ರೂಪಿಗೆ ಹಾಕಿದೆ: ನನ್ನ ಯಜಮಾನರು ಚಿಗವ್ವನ ಪ್ಲಾಟ್ ಮಾರಿಸಿ ಕೊಡುತ್ತಿದ್ದಾರೆ, ಕಮಿಷನ್ ಝೀರೋ. ನಲವತ್ತಮೂರು ಜನ ಕೈ ಮುಗಿದರು, ಎಲ್ಲರಿಗಿಂತ ಮೊದಲು ಆಳಂದದ ಮಂಜುಳಾ ಮೌಶಿ. ಚಿಗವ್ವ ನೋಡಿದ್ದಾಳೆ, ಎರಡು ನೀಲಿ ಗೆರೆ ಬಿದ್ದಿವೆ. ಏನೂ ಬರೆಯಲಿಲ್ಲ.

ಜುಲೈ 29, ಸಂಭಾಜಿನಗರ

ಪಂಚಮಿ. ಮದುವೆಯಾದ ಮೇಲೆ ಮೊದಲ ಸಲ ತವರು. ಶೇಂಗಾ ಉಂಡಿ, ಎಳ್ಳುಂಡಿ, ಜೋಳದ ಅಳ್ಳು. ಖಾನಾವಳಿಯ ಹುಡುಗರಿಗೂ ತಟ್ಟೆಗೆ ಒಂದೊಂದು ಉಂಡಿ. ಎಲ್ಲರೂ ನನ್ನನ್ನು ನೋಡಿ "ಅಕ್ಕಾ ದಪ್ಪ ಆಗ್ಯಾಳ" ಅಂದರು. ಖುಷಿಯಾಯಿತು. ಸುಳ್ಳೇ ಬೇಸರ ತೋರಿಸಿದೆ.

ಚಿಗವ್ವ ಮಾತ್ರ ಒಂದೇ ಹಟ ಹಿಡಿದಿದ್ದಾಳೆ. ಕಮಿಷನ್ ಕೊಡುತ್ತೇನೆ ಅಂತ.

"ಯಾಕ ಚಿಗವ್ವ, ಅವರು ಹೊರಗಿನವರೇನು?"

"ಒಳಗಿನವರು ಅಂತಲೇ ಕೊಡ್ತೀನಿ ಅನ್ಲತ್ತೀನಿ."

"ಅವರು ತೊಗೊಳ್ಳಂಗಿಲ್ಲ."

"ನೋಡೋಣಂತ."

ರೊಟ್ಟಿ ಬಡಿಯುತ್ತಲೇ ಇದ್ದಳು. ನನಗೆ ಸಿಟ್ಟು ಬಂತು. ಎಲ್ಲರ ಮುಂದೆ ಹೆಮ್ಮೆಯಿಂದ ಹೇಳಿಕೊಂಡದ್ದನ್ನು ಇವಳು ವ್ಯಾಪಾರ ಮಾಡುತ್ತಿದ್ದಾಳೆ ಅನ್ನಿಸಿತು.

ಜುಲೈ 31, ಬಸ್ಸಿನಲ್ಲಿ

ನನ್ನನ್ನು ಕರೆದೊಯ್ಯಲು ಅವನು ಬಂದ. ಪ್ಲಾಟನ್ನೂ ನೋಡಿದ. ಊಟಕ್ಕೆ ಕೂತಾಗ ಚಿಗವ್ವ ಮತ್ತೆ ಶುರುಮಾಡಿದಳು.

"ಅಳಿಯಂದ್ರ, ಎರಡು ಪರ್ಸೆಂಟ್ ಅಂದ್ರ ಎಷ್ಟ್ರಿ?"

"ಮಾವಶಿ, ನಿಮ್ಮ ಹತ್ರ ರೊಕ್ಕ ತೊಗೊಂಡ್ರ ಮಂದಿ ಏನ್ ಅಂತಾರ? ಮಂಜುಳಾ ಮೌಶಿ ಗ್ರೂಪಿನ್ಯಾಗ ಉಗೀತಾರ ನನಗ."

"ಮಂದಿ ರೊಟ್ಟಿ ಬಡಿಲಿಕ್ಕ ಬರ್ತಾರೇನ್ರಿ?"

ಅವನು ನಕ್ಕ. ಅವಳೂ ನಕ್ಕಳು. ಮಾತು ಅಲ್ಲಿಗೆ ನಿಂತಿತು. ಎರಡನೇ ರೊಟ್ಟಿಯ ಮೇಲೆ ಬೆಣ್ಣೆ ಹಾಕಿದಳು, ಅವನಿಗೆ ಎರಡು ಚಮಚ, ನನಗೆ ಒಂದು.

ಹೊರಡುವ ಮುನ್ನ ಉಡಿ ತುಂಬಿಸಿದಳು. ಕಾಕಾ ಹೋದ ಮೇಲೆ ಅವಳು ತಾನು ಉಡಿ ತುಂಬುವುದಿಲ್ಲ, ಎಷ್ಟು ಹೇಳಿದರೂ. ಪಕ್ಕದ ಮನೆಯ ದಾನಮ್ಮನನ್ನು ಕರೆದಳು. ದಾನಮ್ಮ ನನ್ನ ಸೆರಗಿಗೆ ಐದು ಸಲ ಅಕ್ಕಿ ಹಾಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿನ ಕೊಂಬು, ಅಡಿಕೆ ಇಟ್ಟಳು. ಆಮೇಲೆ ಚಿಗವ್ವ ಅದನ್ನೆಲ್ಲ ಒಳಗೆ ಒಯ್ದು ಹೊಸ ಖಣದಲ್ಲಿ ಗಂಟು ಕಟ್ಟಿ ತಂದಳು. ಬಿಗಿಯಾದ ಗಂಟು. ಹಿಟ್ಟಿನ ಚೀಲ ಕಟ್ಟುವ ಹಾಗೆ.

"ಮನೀಗೆ ಹೋಗಿ ದೇವರ ಮುಂದ ಇಡು. ಬೀಗತಿಗೆ ನನ್ನ ಶರಣು ಹೇಳು."

ಗಂಟು ನನ್ನ ತೊಡೆಯ ಮೇಲಿದೆ. ವೈಜಾಪುರ ದಾಟಿತು. ಅವನು ನನ್ನ ಭುಜಕ್ಕೆ ಒರಗಿ ನಿದ್ದೆ ಮಾಡುತ್ತಿದ್ದಾನೆ, ಬಾಯಿ ತೆರೆದು. ಹಾಗೆ ಮಲಗಿದರೂ ಚೆಂದ.

ಆಗಸ್ಟ್ 3

ಅತ್ತೆಯವರು ಬಸವಕಲ್ಯಾಣಕ್ಕೆ ಹೋಗಿದ್ದಾರೆ, ನಾದಿನಿಯ ಬಾಣಂತನಕ್ಕೆ. ಉಡಿ ಏನು ಮಾಡಲಿ ಅಂತ ಫೋನ್ ಮಾಡಿದೆ.

"ಮೊದಲನೇ ಉಡಿ ಅದ ಶ್ರೀಜಾ. ನಮ್ಮ ಮನ್ಯಾಗ ಅತ್ತೀನೇ ಬಿಚ್ಚಬೇಕು. ದೇವರ ಮುಂದ ಇಟ್ಟಿರು. ನಾ ಬಂದ ಮ್ಯಾಲ ಆ ಅಕ್ಕೀದೇ ಬೆಲ್ಲದನ್ನ ಮಾಡೋಣ. ಇಲಿ ಗಿಲಿ ನೋಡ್ಕೋ."

ಇಟ್ಟಿದ್ದೇನೆ. ಇಲಿ ಇಲ್ಲ.

ಚಿಗವ್ವನೂ ಸಂಜೆ ಕೇಳಿದಳು, "ಉಡಿ ದೇವರ ಮುಂದ ಇಟ್ಟೆಲ್ಲ?"

"ಇಟ್ಟೀನಿ."

"ಅಳಿಯಂದ್ರು ಏನಾರ ಅಂದ್ರೇನು?"

"ಏನಂತಾರ? ಏನೂ ಇಲ್ಲ."

"ಹಂಗಾದ್ರ ಆತು" ಅಂದಳು. ಸಮಾಧಾನದ ಧ್ವನಿ.

ಆಗಸ್ಟ್ 11

ಗಿರಾಕಿ ಸಿಕ್ಕಿದ್ದಾರೆ. ಯಶವಂತ ಸೇಠ್, ದ್ರಾಕ್ಷಿ ವ್ಯಾಪಾರಿ. ಅಂಬರೀಶನ ಹಳೆಯ ಪಾರ್ಟಿ. ಆ ಕಡೆ ಒಟ್ಟು ನಾಲ್ಕು ಪ್ಲಾಟ್ ಬೇಕಂತೆ ಅವರಿಗೆ, ಮೊದಲನೆಯದು ಇದು. ಅವರು ಕೊಳ್ಳುವವರು, ಅವರ ಎರಡು ಪರ್ಸೆಂಟ್ ಹೇಗೂ ಬರುತ್ತದೆ. ಅವನೂ, ಅವನ ಪಾರ್ಟನರ್ ಸಮೀರನೂ ಹಂಚಿಕೊಳ್ಳುತ್ತಾರೆ. ಎಲ್ಲರಿಗೂ ಒಳ್ಳೆಯದು. ಪರ್ಫೆಕ್ಟ್.

ಸಮೀರ್ ಭಾಯಿ ಆಫೀಸಿನಲ್ಲಿ ನನಗೆ ಚಹಾ ತರಿಸಿ ಹೇಳಿದ, "ಭಾಭಿ, ನಿಮ್ಮ ಮಾವಶಿ ಕಮಿಷನ್ ಮಾಫ್ ಮಾಡಿದಾನಲ್ಲ, ಅದರಾಗ ಅರ್ಧ ನಂದಿತ್ತು. ನನ್ನ ಮದುವಿ ನಿಮ್ಮ ಜೊತಿ ಆಗಿಲ್ಲಲ್ಲ."

ತಮಾಷೆಗೇ ಅಂದ. ಆದರೆ ಮನೆಗೆ ಬರುವಾಗ ಅಂಬರೀಶ ಹೇಳಿದ, ಸಮೀರನ ಪಾಲನ್ನು ತನ್ನ ಕೈಯಿಂದ ತುಂಬಿಕೊಡುತ್ತಾನಂತೆ. ನಾನು ಬೈಕಿನ ಹಿಂದೆ ಕೂತು ಅವನ ಬೆನ್ನಿಗೆ ಕೆನ್ನೆ ಇಟ್ಟೆ. ಸಿಗ್ನಲ್ಲಿನಲ್ಲಿ ಒಬ್ಬ ಅಜ್ಜಿ ನೋಡಿದಳು. ನೋಡಲಿ.

ಆಗಸ್ಟ್ 17, ಮಧ್ಯಾಹ್ನ 3

ಬೇಸರದ ದಿನ. ಮೊದಲನೇ ಬೇಸರದ ದಿನ, ಮದುವೆಯಾದ ಮೇಲೆ.

ಊಟ ಮಾಡುವಾಗ ಚಿಗವ್ವನ ಫೋನ್. ಸ್ಪೀಕರ್‌ಗೆ ಹಾಕಿದೆ. ಹಾಕಬಾರದಿತ್ತು.

"ಅಳಿಯಂದ್ರ, ನಿಮ್ಮ ಸೇಠ್ ಬಂದು ಪ್ಲಾಟ್ ನೋಡಿ ಹೋದ್ರಂತ. ಬಾಜೂದವ ಹೇಳ್ದ. ನೀವ್ಯಾಕ ಹೇಳಲಿಲ್ರಿ?"

"ಬಿಜಿ ಇದ್ದೆ ಮಾವಶಿ."

"ಬಿಜಿ ಇರೋದು ಚಲೋದೇ. ಕೆಲಸ ಹಿಡದ ಮ್ಯಾಲ ಎಂಟು ದಿನಕ್ಕೊಮ್ಮೆ ಹಿಂಗಾತು, ಹಂಗಾತು ಅಂತ ತಿಳಸ್ಬೇಕಲ್ರಿ. ಎಷ್ಟ್ ಅಂದ್ರು ಅವರು?"

"ಮೂವತ್ತೇಳು."

"ನೀವ್ ಏನ್ ಅಂದ್ರಿ?"

"ನೋಡೋಣ ಅಂದೆ."

"ನೋಡೋಣ ಅಂತ ಯಾಕ ಅಂದ್ರಿ? ನಲವತ್ತೊಂದು ಅಂತ ನಾ ಹೇಳೀನಲ್ಲ. ನನ್ನ ಮಾತು ನೀವು ಹೇಳದಿದ್ರ ಅಲ್ಲಿ ಯಾರ್ ಹೇಳ್ಬೇಕ್ರಿ?"

ಅವನು ತುತ್ತು ಹಿಡಿದುಕೊಂಡೇ ಕೂತಿದ್ದ. "ಹೂಂ ಮಾವಶಿ" ಅಂದ. ಫೋನ್ ಇಟ್ಟ ಮೇಲೆ ಅರ್ಧ ಚಪಾತಿ ತಟ್ಟೆಯಲ್ಲೇ ಬಿಟ್ಟು ಎದ್ದ.

"ಫುಕಟ್ ಮಾಡಿ ಮ್ಯಾಲ ಬೈಸ್ಕೋಬೇಕು. ಪಾರ್ಟಿ ಸುದ್ದಾ ಹಿಂಗ ಮಾತಾಡಂಗಿಲ್ಲ."

ನಾಚಿಕೆಯಿಂದ ನನಗೆ ತಲೆ ಎತ್ತಲಾಗಲಿಲ್ಲ.

ಆಗಸ್ಟ್ 18

ಚಿಗವ್ವನಿಗೆ ಫೋನ್ ಮಾಡಿದೆ. ಏನೇನೋ ಅಂದೆ. ಕೊನೆಗೆ, "ನನ್ನ ಗಂಡ ನಿನ್ನ ಕೂಲಿ ಆಳಲ್ಲ" ಅಂದೆ.

 ಅವಳ ಹಿಂದೆ ಯಾರೋ ಇನ್ನೊಂದು ರೊಟ್ಟಿ ಕೇಳುತ್ತಿದ್ದುದು ಕೇಳಿಸಿತು.

"ಅಲ್ಲೇನು?" ಅಂದಳು. "ಆತು ಬಿಡವ್ವ."

ಇಟ್ಟುಬಿಟ್ಟಳು.

ಆಗಸ್ಟ್ 25

ಒಂದು ವಾರ ಬರೆಯಲಿಲ್ಲ. ಬರೆಯಲು ಏನೂ ಇರಲಿಲ್ಲ. ಚಿಗವ್ವನ ಫೋನ್ ಬರಲಿಲ್ಲ, ನಾನೂ ಮಾಡಲಿಲ್ಲ. ದಿನಾ ಬೆಳಿಗ್ಗೆ ಏಳಕ್ಕೆ ಅವಳು ಕಳಿಸುವ ಬಸವಣ್ಣನವರ ಫೋಟೋ, ‘ಶರಣು’ ಅಂತ. ಅದೂ ಇಲ್ಲ.

ಇವತ್ತು ಸಮೀರ್ ಭಾಯಿ ಕಾಗದ ಒಯ್ಯಲು ಮನೆಗೆ ಬಂದಿದ್ದ. ನಾನು ಅಡುಗೆಮನೆಯಲ್ಲಿ ಪೋಹೆ ಮಾಡುತ್ತಿದ್ದೆ. ಕೇಳಬೇಕು ಅಂತ ಕೇಳಿದ್ದಲ್ಲ.

ಸಮೀರ್, "ಸೇಠ್ ಚಾಲೀಸ್ ತಕ್ ಆರಾಮ್ ಸೇ ಆಯೇಗಾ" ಅಂದ. ನಲವತ್ತರ ತನಕ.

ಅಂಬರೀಶ, "ಗೊತ್ತದ. ಮೂವತ್ತೆಂಟೂವರೆಗೆ ಮುಗಸೋಣ. ಸೇಠ್ ಖುಷಿ ಇದ್ರ ಮುಂದಿನ ಮೂರೂ ನಮ್ಮವೇ" ಅಂದ.

ಪೋಹೆ ತಳ ಹಿಡಿಯಿತು.

ಸಮೀರ್ ಹೋದ ಮೇಲೆ ಕೇಳಿದೆ. "ನಲವತ್ತು ಕೊಡೋರಿಗೆ ಮೂವತ್ತೆಂಟೂವರೆ ಯಾಕ್ರಿ?"

"ಸೇಠ್ ನನ್ನ ಪಾರ್ಟಿ ಶ್ರೀಜಾ. ಎರಡು ಪರ್ಸೆಂಟ್ ಕೊಡ್ತಾರ. ಅವರ ಕಡೆ ನೋಡೋದು ನನ್ನ ಧಂದೆ."

"ಮತ್ತ ಚಿಗವ್ವನ ಕಡೆ?"

"ಅದು ಮನೀ ಕೆಲಸ."

"ಮನೀ ಕೆಲಸ ಅಂದ್ರ ಕಡಿಮಿ ಕೆಲಸಾ?"

ಅವನು ಬೈಕಿನ ಕೀಲಿ ತೆಗೆದುಕೊಂಡ. ಹೆಲ್ಮೆಟ್ ಹಾಕಿಕೊಂಡ. ಬಾಗಿಲ ತನಕ ಹೋಗಿ ಹೆಲ್ಮೆಟ್ ತೆಗೆದು ಒಮ್ಮೆ ನನ್ನ ಕಡೆ ನೋಡಿದ, ಮತ್ತೆ ಹಾಕಿಕೊಂಡು ಹೋದ.

ಅವನು ಕೆಟ್ಟವನಲ್ಲ. ಸಿಗ್ನಲ್ಲಿನಲ್ಲಿ ಗಜರಾ ಮಾರುವವಳ ಹತ್ತಿರ ಚೌಕಾಸಿ ಮಾಡುವುದಿಲ್ಲ. ಸಮೀರನ ಪಾಲು ಕೈಯಿಂದ ಕೊಡುತ್ತಿದ್ದಾನೆ. ಇದನ್ನೇ ನಾಲ್ಕು ಸಲ ಯೋಚಿಸಿದೆ. ನಾಲ್ಕು ಸಲವೂ ನಿಜ. ಆದರೂ ಚಿಗವ್ವನಿಗೆ ನಲವತ್ತೊಂದು ಬೇಕು, ವಿಸರ್ಜನೆಗೆ ಇನ್ನು ಹನ್ನೆರಡು ದಿನ.

ಅವಳಿಗೆ ಹೇಳಿಬಿಡಲೇ? ನಲವತ್ತರ ತನಕ ಬರುತ್ತಾರೆ, ಹಟ ಹಿಡಿ ಅಂತ? ಗಂಡ ಮನೆಯಲ್ಲಿ ಆಡಿದ ಮಾತು ಅದು. ಮೂರು ಸಲ ಅವಳ ನಂಬರ್ ತೆಗೆದೆ. ಮೂರು ಸಲ ಇಟ್ಟೆ. ಕೂಲಿ ಆಳು ಅಂದ ಬಾಯಲ್ಲಿ ಏನಂತ ಮಾತು ಶುರುಮಾಡಲಿ...

ಆಗಸ್ಟ್ 27, ಗಣೇಶ ಚೌತಿ, ಮಧ್ಯಾಹ್ನ

 ಅಕ್ಷರ ಸೊಟ್ಟ.

ಅತ್ತೆಯವರು ನಿನ್ನೆ ಬಂದರು. ಇವತ್ತು ಗಣಪತಿ ಕೂರಿಸಿ, ಆರತಿ ಮುಗಿಸಿ, ಬೆಲ್ಲದನ್ನ ಮಾಡೋಣ ಅಂತ ಉಡಿಯ ಗಂಟು ತೆಗೆದುಕೊಂಡರು. ಉಗುರಿಗೆ ಬಿಚ್ಚಲಿಲ್ಲ, ಹಲ್ಲು ಹಚ್ಚಿ ಬಿಚ್ಚಿದರು. ಪರಾತಕ್ಕೆ ಸುರಿದರು. ಅಕ್ಕಿ, ಉತ್ತತ್ತಿ, ಕೊಬ್ಬರಿ ಬಟ್ಟಲು... ಅಕ್ಕಿಯ ನಡುವೆ ಒಂದು ಲಕೋಟೆ. ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ್ದು.

ಒಳಗೆ ಚೆಕ್. ನಲವತ್ತೊಂದು ಸಾವಿರ, ಅಂಬರೀಶನ ಆಫೀಸಿನ ಹೆಸರಿಗೆ. ತಾರೀಖು ಜುಲೈ 31. ಜೊತೆಗೆ ಒಂದು ಚೀಟಿ, ಕನ್ನಡದಲ್ಲಿ, ಖಾನಾವಳಿಯ ಬಿಲ್ ಪುಸ್ತಕದ ಹಾಳೆಯ ಹಿಂದೆ.

"ಏನ್ ಬರ್ದದ?" ಅಂದ ಅವನು. ಅವನಿಗೆ ಓದಲು ಬರುವುದಿಲ್ಲ. ನಾನೇ ಓದಬೇಕು. ಓದಿದೆ.

"ಅಳಿಯಂದ್ರಿಗೆ ಕಸ್ತೂರಿಬಾಯಿಯ ಶರಣು. ಇದು ಅರ್ಧ. ಉಳಿದ ಅರ್ಧ ರಜಿಸ್ಟ್ರಿ ದಿನ ಕೊಡ್ತೀನಿ. ಇದು ಉಡುಗೊರಿ ಅಲ್ಲ, ನಿಮ್ಮ ಕೆಲಸದ ರೊಕ್ಕ. ಬ್ಯಾಡ ಅಂದ್ರ ತಿರುಗಿ ಕಳಸ್ರಿ, ನಾ ಬ್ಯಾರೆ ಏಜೆಂಟ್ ನೋಡ್ತೀನಿ. ಇಟ್ಕೊಂಡ್ರಿ ಅಂದ್ರ ನಾ ನಿಮಗ ಕೆಲಸದ ಬಗ್ಗೆ ಕೇಳ್ತೀನಿ. ಬೈತೀನಿ ಸುದ್ದಾ. ಸಿಟ್ಟಾಗಬ್ಯಾಡ್ರಿ."

 ಪಕ್ಕದ ಮನೆಯಲ್ಲಿ ಆರತಿಯ ಜಾಗಟೆ ಬಡಿಯುತ್ತಿದ್ದರು.

"ಇನ್ನೊಂದ್ ಸಲ ಓದು" ಅಂದ.

ಓದಿದೆ. 

ಆಳಂದದಲ್ಲಿ, ನಮ್ಮ ಮನೆಯಲ್ಲಿ, ಉಡಿಯನ್ನು ಅದೇ ದಿನ ಸಂಜೆ ಬಿಚ್ಚುತ್ತಾರಂತೆ, ಅತ್ತೆಯವರೇ ಹೇಳಿದರು. ನನಗೆ ಗೊತ್ತಿರಲಿಲ್ಲ. ಚಿಗವ್ವನಿಗೆ ಇವರ ಮನೆಯ ಪದ್ಧತಿ ಗೊತ್ತಿರಲಿಲ್ಲ. ಚೀಟಿ ಓದಿದ್ದಾರೆ, ರೊಕ್ಕ ಇಟ್ಟುಕೊಂಡಿದ್ದಾರೆ, ಕೆಲಸ ಹಿಡಿದಿದ್ದಾರೆ ಅಂತ ಅವಳು. ಪುಕ್ಕಟೆ ಮಾಡುತ್ತಿದ್ದೇವೆ ಅಂತ ನಾವು. ನಾಲ್ಕು ವಾರ ಆ ಲಕೋಟೆ ದೇವರ ಮುಂದೆ ಅಕ್ಕಿಯಲ್ಲಿ ಮಲಗಿತ್ತು. ದಿನಾ ಅದಕ್ಕೇ ಊದುಬತ್ತಿ ಬೆಳಗಿದ್ದೆ.

ಅವನು ಮೆಲ್ಲಗೆ, "ಚೆಕ್ ತಿರುಗಿ ಕಳಸೋಣೇನ ಆಯಿ?" ಅಂದ.

ಅತ್ತೆಯವರು ಅಕ್ಕಿ ಆರಿಸುತ್ತಲೇ ಹೇಳಿದರು. "ಉಡ್ಯಾಗ ಬಂದದ್ದು ತಿರುಗಿ ಹೋಗಂಗಿಲ್ಲಪ್ಪ. ಆಕಿ ಶಾಣ್ಯಾಕಿ, ಅದಕ್ಕ ಅಲ್ಲಿಟ್ಟಾಳ. ಈಗ ಆಕಿ ಏನ್ ಕೇಳ್ತಾಳ ಅದನ್ನ ಮಾಡು."

ಅದೇ ದಿನ, ಸಂಜೆ 5

ಚಿಗವ್ವನಿಗೆ ಫೋನ್ ಮಾಡಿದೆ. ಹೇಳುವುದಕ್ಕೆ ಮೊದಲೇ ಅತ್ತುಬಿಟ್ಟೆ. ಇವತ್ತು ಉಡಿ ಬಿಚ್ಚಿದೆವು ಅಂದೆ.  ಅವಳು ನಗಲು ಶುರುಮಾಡಿದಳು, ಕೆಮ್ಮು ಬರುವ ತನಕ.

"ಅಯ್ಯ ಶಿವನ. ಅಂದ್ರ ಆ ಹುಡುಗಗ ನಾ ಪುಕಟ್‌ನಾಗೇ ಬೈದೆ ಅನ್ನು."

ಆಮೇಲೆ ಹೇಳಿದಳು. ಈ ಪ್ಲಾಟನ್ನು ಕೊಡಿಸಿದ್ದು ಕಾಕಾನ ಗೆಳೆಯನಂತೆ. ಮನೆಯವನ ಹಾಗೇ ಇದ್ದವನು. ಒಂದು ರೂಪಾಯಿ ಮುಟ್ಟಲಿಲ್ಲ. ಕಾಕಾ ಹೋದ ಮೇಲೆ ಮೂರು ವರ್ಷ ಇವಳ ಕೈಗೆ ಕಾಗದ ಕೊಡಲಿಲ್ಲ. ಕೇಳಲು ಹೋದರೆ, ‘ವಹಿನಿ, ಫುಕಟ್ ಮಾಡೀನಿ, ಮ್ಯಾಲ ಅವಸರಾನೂ ಮಾಡ್ತೀರೇನು’ ಅಂದನಂತೆ.

"ನಾ ಸುಮ್ಮ ಎದ್ದು ಬಂದೆ ಶ್ರೀಜಾ. ಬಾಯಿ ಬರಲಿಲ್ಲ. ರೊಕ್ಕ ಕೊಟ್ಟಿದ್ರ ಬರ್ತಿತ್ತು. ಆವತ್ತೇ ಅನ್ಕೊಂಡೀನಿ, ನಮ್ಮವರ ಕಡೆ ಕೆಲಸ ಮಾಡಿಸ್ಕೊಂಡ್ರ ಮೊದಲು ರೊಕ್ಕ ಇಡಬೇಕು, ಆಮ್ಯಾಲ ಮಾತು."

"ನಾ ಅಂದದ್ದು..."

"ಏನ್ ಅಂದೀ? ನೀ ಏನೂ ಅಂದಿಲ್ಲ. ಬೆಲ್ಲದನ್ನಕ್ಕ ಏಲಕ್ಕಿ ಹಾಕೀರಿಲ್ಲೋ?"

ಆಗಸ್ಟ್ 28

ಅವನು ಬೆಳಿಗ್ಗೆ ಎಂಟಕ್ಕೇ ಸೇಠ್ ಹತ್ತಿರ ಹೋದ. ಬಂದು ಹೇಳಿದ್ದನ್ನು ಹಾಗೇ ಬರೆಯುತ್ತೇನೆ.

"ಸೇಠ್, ಈ ಸೌದಾದಾಗ ನಾ ಮಾರೋರ ಕಡೆ. ನಿಮ್ಮ ಎರಡು ಪರ್ಸೆಂಟ್ ನನಗ ಬ್ಯಾಡ. ನಿಮ್ಮ ಕಡೆ ಸಮೀರ್ ನೋಡ್ತಾನ, ಅದು ಅವನಿಗೇ" ಅಂದನಂತೆ. ಸೇಠ್ ನಕ್ಕು, ಹೆಂಡತಿಯ ಚಿಕ್ಕಮ್ಮನಿಂದ ಕಮಿಷನ್ ತಿನ್ನುತ್ತೀಯೇನೋ ಅಂದರಂತೆ.

"ಹೋ ಸೇಠ್, ಘೇತೋ ಅಂದೆ."

ಹೌದು, ತೊಗೊಳ್ತೀನಿ. ಆ ಮಾತನ್ನು ನನಗೆ ಎರಡು ಸಲ ಹೇಳಿ ತೋರಿಸಿದ. ಎರಡನೇ ಸಲ ಎದೆ ಸ್ವಲ್ಪ ಹೆಚ್ಚು ಉಬ್ಬಿತ್ತು.

"ಒಂದ್ ಮಾತು ಕೇಳ್ಲ್ಯಾ?" ಅಂದೆ. "ಚೆಕ್ ಆವತ್ತೇ ಸಿಕ್ಕಿದ್ರ ಮೂವತ್ತೆಂಟೂವರೆ ಅಂತಿದ್ರೇನು?"

ಬಹಳ ಹೊತ್ತು ಚಪ್ಪಲಿಯ ಪಟ್ಟಿ ಬಿಚ್ಚಿದ. "ಇಲ್ಲ" ಅಂದ. "ಅದಕ್ಕ ನಿನ್ನೆಯಿಂದ ನನಗ ನಿದ್ದಿ ಇಲ್ಲ."

ಅವನ ಪಕ್ಕ ಹೊಸ್ತಿಲಲ್ಲೇ ಕೂತೆ. ಹತ್ತು ನಿಮಿಷ. ನೂರಾ ಆರನೇ ದಿನ. ಇವತ್ತೇ ಅವನನ್ನು ನಿಜವಾಗಿ ಮದುವೆಯಾದೆ ಅನ್ನಿಸಿತು. ಓವರ್ ಆಯಿತೇ? ಇರಲಿ, ಯಾರು ಓದುತ್ತಾರೆ.

ಗ್ರೂಪಿಗೂ ಹಾಕಿದೆ: ಚಿಗವ್ವನ ಕೆಲಸಕ್ಕೆ ನನ್ನ ಯಜಮಾನರು ಪೂರ್ತಿ ಎರಡು ಪರ್ಸೆಂಟ್ ತೆಗೆದುಕೊಳ್ಳುತ್ತಿದ್ದಾರೆ. ಕೈ ಮುಗಿದವರು ಒಬ್ಬರೇ, ಚಿಗವ್ವ. ಮಂಜುಳಾ ಮೌಶಿ ‘ಕಾಲ ಕೆಟ್ಟಿತು’ ಅಂತ ಬರೆದರು.

ಸೆಪ್ಟೆಂಬರ್ 1

ಸೇಠ್ ಮೂರು ದಿನ ಫೋನ್ ಎತ್ತಲಿಲ್ಲ. ಇವತ್ತು ಎತ್ತಿದರು. ನಲವತ್ತು, ಕೊನೆ. ನಾಲ್ಕನೇ ತಾರೀಖು ರಜಿಸ್ಟ್ರಿ ಆದರೆ ಸರಿ, ಇಲ್ಲದಿದ್ದರೆ ಪಿತೃಪಕ್ಷ ಮುಗಿದ ಮೇಲೆ.

ಆಫೀಸಿನಲ್ಲಿ ಒಂದೇ ಮೇಜಿನ ಆ ಕಡೆ ಸಮೀರ್, ಈ ಕಡೆ ಇವನು. ಒಂದೂವರೆ ತಾಸು ಜಗಳ. ಚಹಾದವನು ಎರಡು ಸಲ ಬಂದು ಹೆದರಿ ವಾಪಸ್ ಹೋದ. ನಲವತ್ತರ ಮೇಲೆ ಏಳಲಿಲ್ಲ.

ಅಂಗಡಿಗೆ ನಲವತ್ತೊಂದು ಬೇಕು. ಚಿಗವ್ವನ ಭಿಶಿಯ, ಅಂದರೆ ಚೀಟಿ ಫಂಡಿನ, ಉಳಿತಾಯ ಸ್ಟ್ಯಾಂಪಿಗೆ, ರಜಿಸ್ಟ್ರಿಗೆ ಹೋಗುತ್ತದೆ. ಒಂದು ಲಕ್ಷ ಕಡಿಮೆ.

ಅವನು ಫೋನಿನಲ್ಲಿ, "ಮಾವಶಿ, ನನ್ನ ಎರಡು ಪರ್ಸೆಂಟ್ ಬಿಟ್ರ ಬಹಳಷ್ಟು ತುಂಬತದ" ಅಂದ.

"ಅಳಿಯಂದ್ರ, ಮತ್ತ ಅದೇ ಮಾತಾ? ನಿಮ್ಮ ರೊಕ್ಕದಾಗ ನನ್ನ ಹೊಂಡ ತುಂಬಬ್ಯಾಡ್ರಿ. ಬ್ಯಾರೆ ದಾರಿ ನೋಡ್ರಿ. ಅದಕ್ಕೇ ಇಟ್ಕೊಂಡೀನಿ ನಿಮ್ಮನ್ನ."

ಅವನು ಫೋನ್ ಇಟ್ಟು ನನ್ನ ಕಡೆ ನೋಡಿದ. "ಶ್ರೀಜಾ, ಆ ಅಂಗಡಿ ಮಾಲೀಕನ ಕಾಗದ ನಾ ಒಮ್ಮೆನೂ ನೋಡಿಲ್ಲ."

"ಯಾಕ್ರಿ?"

"ನೋಡಬೇಕು ಅಂತ ಅನಸಲೇ ಇಲ್ಲ."

ನಾಳೆ ಬೆಳಗಿನ ಬಸ್ಸಿಗೆ ಇಬ್ಬರೂ ಹೋಗುತ್ತಿದ್ದೇವೆ.

ಸೆಪ್ಟೆಂಬರ್ 2, ಸಂಜೆ 6. ಸಂಭಾಜಿನಗರ

ಖಾನಾವಳಿಯ ಹಿಂದಿನ ಕೋಣೆ. ಹಿಟ್ಟಿನ ಡಬ್ಬಿಯ ಪಕ್ಕ ಕೂತು ಬರೆಯುತ್ತಿದ್ದೇನೆ.

ಅವನು ಮಧ್ಯಾಹ್ನವೆಲ್ಲ ಕಾರ್ಪೊರೇಷನ್ ಆಫೀಸಿನಲ್ಲಿದ್ದ. ಮಾಲೀಕ ಆರು ವರ್ಷದಿಂದ ಈ ಗಾಳೆಗಳ ಮನೆತೆರಿಗೆಯನ್ನೇ ಕಟ್ಟಿಲ್ಲ. ಆಮೇಲೆ ಮೊಬೈಲ್ ಅಂಗಡಿಯವನ ಹತ್ತಿರ ಹೋಗಿ ಚಾರ್ಜರ್ ಕೊಳ್ಳುತ್ತಾ ಮಾತಾಡಿಸಿದ. ಅವನದು ಬ್ಯಾಂಕ್ ಸಾಲ. ತೆರಿಗೆ ಬಾಕಿ ಇದ್ದರೆ ಸಾಲ ಪಾಸಾಗುವುದಿಲ್ಲ.

ಮಾಲೀಕ ನಾಲ್ಕಕ್ಕೆ ಬಂದ. ಅಂಬರೀಶ ಖಾನಾವಳಿಯ ಬೆಂಚಿನ ಮೇಲೆ ಕಾಗದ ಹರಡಿ, ಒಂದು ಮಾತೂ ಜೋರಾಗಿ ಆಡದೆ ಹೇಳಿದ. ಮೊಬೈಲ್ ಅಂಗಡಿಯವನು ಬ್ಯಾಂಕಿಗೆ ಕಾಯಬೇಕು, ಬ್ಯಾಂಕು ನಿಮ್ಮ ಬಾಕಿಗೆ ಕಾಯುತ್ತದೆ, ಆಮೇಲೆ ಹದಿನೈದು ದಿನ ಪಿತೃಪಕ್ಷ. ಕಸ್ತೂರಿಬಾಯಿಯವರ ರೊಕ್ಕ ನಾಡಿದ್ದು ಬರುತ್ತದೆ. ನಲವತ್ತು. ಬಾಕಿಯನ್ನು ನೀವೇ ಅದರಲ್ಲಿ ಕಟ್ಟಿಕೊಳ್ಳಬೇಕು.

ಮಾಲೀಕ ಎರಡು ರೊಟ್ಟಿ, ಪುಂಡಿಪಲ್ಯ ತಿಂದ. ಮಜ್ಜಿಗೆ ಕುಡಿದ. ಮೂರನೇ ರೊಟ್ಟಿ ಬೇಡ ಅಂದ. ಆಮೇಲೆ, "ಠೀಕ್ ಹೈ" ಅಂದ.

ಚಿಗವ್ವ ತವೆಯ ಮೇಲಿನ ರೊಟ್ಟಿ ತಿರುವುತ್ತಿದ್ದಳು. ತಿರುಗಿ ನೋಡಲಿಲ್ಲ. ಆ ರೊಟ್ಟಿ ಮಾತ್ರ ಪೂರ್ತಿ ಕರಕಾಯಿತು. ಹತ್ತೊಂಬತ್ತು ವರ್ಷದಲ್ಲಿ ನಾನು ನೋಡಿದ ಮೊದಲ ಕರಕು ರೊಟ್ಟಿ.

ಮಾಲೀಕ ಹೋದ ಮೇಲೆ ಅಂಬರೀಶನ ತಟ್ಟೆಗೆ ಬೆಣ್ಣೆ ಹಾಕಿದಳು. "ಸೇಠ್‌ಗೆ ನಲವತ್ತೊಂದು ಕೊನಿ ತನಕ ಅಂದ್ರಿಲ್ಲೋ, ಇಲ್ಲಾ ನಡುವೇ ಬಿಟ್ರಿ?"

"ಕೊನಿ ತನಕ ಅಂದೀನಿ ಮಾವಶಿ. ಸಮೀರ್‌ಗೆ ಕೇಳ್ರಿ."

"ಕೇಳೀನಿ. ನಂಬರ್ ತೊಗೊಂಡಿದ್ದೆ ಶ್ರೀಜಾನ ಕಡೆ."

ಸೆಪ್ಟೆಂಬರ್ 4, ಬೆಳಿಗ್ಗೆ 11.50. ರಜಿಸ್ಟ್ರಾರ್ ಆಫೀಸು

ಬೆಂಚು. ಫ್ಯಾನ್ ಇದೆ, ತಿರುಗುವುದಿಲ್ಲ. ನಮ್ಮ ಟೋಕನ್ ಇಪ್ಪತ್ತಮೂರು. ಈಗ ಇಪ್ಪತ್ತೊಂದು ಒಳಗಿದೆ. ಮೊದಲು ಸೇಠ್‌ಗೆ ಪ್ಲಾಟ್, ಅದು ಮುಗಿದ ಮೇಲೆ ಮಾಲೀಕನ ಜೊತೆ ಕರಾರು. ಸೇಠ್ ಬಂದಿದ್ದಾರೆ, ದ್ರಾಕ್ಷಿ ತಂದಿಲ್ಲ. ಸಮೀರ್ ಅವರ ಪಕ್ಕ ಗಂಭೀರವಾಗಿ ಕೂತು ನಮಗೆ ಕಣ್ಣು ಹೊಡೆಯುತ್ತಿದ್ದಾನೆ.

ಚಿಗವ್ವ ಪೈಠಣಿ ಉಟ್ಟಿದ್ದಾಳೆ. ನನ್ನ ಮದುವೆಗೂ ಉಡಲಿಲ್ಲ ಅದನ್ನು.

ಈಗಷ್ಟೇ ಎರಡನೇ ಚೆಕ್ ಕೊಟ್ಟಳು. ಮೂವತ್ತೊಂಬತ್ತು ಸಾವಿರ. ನಲವತ್ತಕ್ಕೆ ಎರಡು ಪರ್ಸೆಂಟ್ ಎಂಬತ್ತು, ಮುಂಚೆ ಕೊಟ್ಟದ್ದು ಕಳೆದು.

"ಪಾವತಿ ಕೊಡ್ರಿ."

ಅವನು ರಸೀದಿ ಪುಸ್ತಕ ತೆಗೆದು ಬರೆದುಕೊಟ್ಟ. ಚಿಗವ್ವ ಕನ್ನಡಕ ಹಾಕಿಕೊಂಡು ನೋಡಿದಳು. ಅಂಕಿ ನೋಡಿದಳು, ತಿರುಗಿಸಿ ಹಿಂದೆಯೂ ನೋಡಿದಳು.

"ತಾರೀಖ್ ಎಲ್ಲದ್ರಿ? ಪಾವತೀಗೆ ತಾರೀಖ್ ಬ್ಯಾಡೇನು? ಎಷ್ಟ್ ವರ್ಷ ಆತು ನೀವು ಧಂದೆ ಮಾಡ್ಲಾಕತ್ತು?"

"ಬರೀತೀನಿ ಮಾವಶಿ."

ಬೈಯಿಸಿಕೊಳ್ಳುತ್ತಾ ನಗುತ್ತಿದ್ದಾನೆ. ಕಿವಿ ಕೆಂಪಾಗಿದೆ. ಆಗಸ್ಟ್ ಹದಿನೇಳರ ಅದೇ ಧ್ವನಿ, ಅದೇ ಚಿಗವ್ವ. ಆವತ್ತು ಚಪಾತಿ ಬಿಟ್ಟು ಎದ್ದಿದ್ದ.

ಚಿಗವ್ವ ನನ್ನ ಕಡೆ ತಿರುಗಿದಳು. "ಏನವ್ವ, ಇವರು ನನ್ನ ಕೂಲಿ ಆಳು ಹೌದೋ ಅಲ್ಲೋ?"

"ಹೌದು ಚಿಗವ್ವ."

"ನಾಳಿಗೆ ರೊಟ್ಟಿ ಬಡಿಲಿಕ್ಕೂ ಹಚ್ತೀನಿ ನೋಡು."

ಒಳಗಿನಿಂದ ಇಪ್ಪತ್ತಮೂರು ಅಂತ ಕೂಗಿದರು. ಇಪ್ಪತ್ತೆರಡು ಯಾರೋ ಬಂದಿಲ್ಲವಂತೆ. ಚಿಗವ್ವ ಎದ್ದು ನೆರಿಗೆ ಸರಿಮಾಡಿಕೊಂಡಳು. ಚೀಲದ ಕಾಗದ ಮತ್ತೊಮ್ಮೆ ಮುಟ್ಟಿ ನೋಡಿದಳು. ಹತ್ತೊಂಬತ್ತು ವರ್ಷದ ರೊಟ್ಟಿ ಆ ಚೀಲದಲ್ಲಿದೆ.

"ಕುಂತೀರೇನ್ರಿ ಅಳಿಯಂದ್ರ? ನಡೀರಿ ಮುಂದ. ರೊಕ್ಕ ತೊಗೊಂಡೀರಿ."

ಅವನ ಪೆನ್ನಿನಲ್ಲಿ ಶಾಯಿ ಮುಗಿದಿದೆಯಂತೆ, ತಾರೀಖು ಅರ್ಧಕ್ಕೇ ನಿಂತಿದೆ. ನಾನು ಬರೆಯುತ್ತಿರುವ ಇದನ್ನೇ ಕೊಡು ಅಂತ ಕೈ ಚಾಚಿ —